ನದಿ ಯಾವ ಕಡೆ ಎಂದು ಕೇಳುತ್ತಿದ್ದ ಆಂಟಿ

ಅಮೆರಿಕದಲ್ಲಿ ವಾಷಿಂಗ್ಟನ್ ಪಕ್ಕದ ನಮ್ಮ ಆಶ್‌ಬರ್ನ್‌ಗೆ ಬಂದಿಳಿದ ಮಾರನೆಯ ದಿನವೇ "ನದಿ ಯಾವ ಕಡೆ?" ಎಂದು ಕೇಳಿದವರನ್ನು ನಾನು ಕಂಡಿದ್ದು ಒಬ್ಬರನ್ನೇ. ಉಳಿದವರೆಲ್ಲ ಇಂಡಿಯನ್ ಅಂಗಡಿ ಎಲ್ಲಿದೆ, ಸ್ಕೂಲು ಹೇಗಿದೆ, ಮನೆ ಬೆಲೆ ಏರುತ್ತಾ ಇಳಿಯುತ್ತಾ ಎಂದು ಕೇಳುತ್ತಾರೆ. ನಾನೂ ಅದನ್ನೇ ಕೇಳಿದವಳು. ಆವತ್ತು ಕಿವಿಗೆ ಫೋನು ಸಿಕ್ಕಿಸಿಕೊಂಡು ಮೈಸೂರಿನಲ್ಲಿದ್ದ ತಮ್ಮನನ್ನು ಬೈಯುತ್ತಾ ಕಸದ ಡಬ್ಬಿಯನ್ನು ರಸ್ತೆಗೆ ಎಳೆಯುತ್ತಿದ್ದೆ. ಪಕ್ಕದ ಟೌನ್‌ಹೌಸಿನ ಮೆಟ್ಟಿಲ ಮೇಲೆ, ತಲೆಗೆ ತಿಳಿನೀಲಿ ದುಪಟ್ಟಾ ಹೊದ್ದು ಕುಳಿತಿದ್ದ ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರು ನನ್ನ ಬೈಗುಳ ಮುಗಿಯುವವರೆಗೂ ಸಮಾಧಾನವಾಗಿ ಕಾದು, ಅಚ್ಚ ಮೈಸೂರು ಕನ್ನಡದಲ್ಲಿ ಆ ಪ್ರಶ್ನೆ ಕೇಳಿದರು.

ಪೊಟೋಮ್ಯಾಕ್ ಇದೆ ಆಂಟಿ, ಆದರೆ ಕಾರಿನಲ್ಲಿ ಹೋಗಬೇಕು ಎಂದೆ. ಕಾರಿನಲ್ಲಿ ಹೋಗಿ ನೋಡುವ ನದಿ ಎಂಥ ನದಿ ಎಂದು ಅವರು ಮುಖ ತಿರುಗಿಸಿದರು. ಯಾವ ಊರಿಗೆ ಹೋದರೂ ಮೊದಲು ನದಿ ಯಾವ ಕಡೆ ಅಂತ ತಿಳಿದುಕೊಂಡರೆ ಆಮೇಲೆ ದಾರಿ ತಪ್ಪುವುದಿಲ್ಲ ಎನ್ನುವುದು ಅವರ ನಂಬಿಕೆ. ಅದನ್ನು ಅವರು ಕಲಿತದ್ದು ಬ್ಯಾಂಕಾಕಿನಲ್ಲಿ.

ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಓದಿದ್ದು ಅಲ್ಲಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಜೊತೆ ಬ್ಯಾಂಕಾಕಿಗೆ ಹೋದರು. ಗಂಡ ಅಲ್ಲಿ ಹರಳಿನ ವ್ಯಾಪಾರಿಯೊಬ್ಬರ ಬಳಿ ಕಲ್ಲು ವಿಂಗಡಿಸುವ ಕೆಲಸದಲ್ಲಿದ್ದರು. ಹತ್ತೊಂಬತ್ತು ವರ್ಷ ಆ ಊರಿನಲ್ಲಿದ್ದು, ಗಂಡ ತೀರಿಕೊಂಡ ಮೇಲೆ ಮೈಸೂರಿಗೆ ಮರಳಿ, ಕೊನೆಗೆ ಒಬ್ಬಳೇ ಮಗಳ ಮನೆಗೆ ಬಂದಿದ್ದರು. ಇದಿಷ್ಟನ್ನೂ ನನ್ನನ್ನು ಕಸದ ಡಬ್ಬಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿದರು. ಗಂಡ ಹೇಗೆ ತೀರಿಕೊಂಡರು ಎಂಬುದನ್ನು ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಬಂದು ಎರಡು ವಾರ ಆಗಿತ್ತೋ ಇಲ್ಲವೋ, ಕೊರೋನಾ ಬಂದು ಎಲ್ಲಾ ಬಂದ್ ಆಯಿತು. ಸಂಜೆ ನಮಗಿದ್ದ ಭಾಗ್ಯ ಒಂದೇ, ಕಾಲೊನಿಯ ಐದು ಬೀದಿ ಸುತ್ತುವುದು. ಇಬ್ಬರಿಗೂ ಮಾಸ್ಕು. ರಸ್ತೆಯ ಆ ಅಂಚಿಗೆ ಅವರು, ಈ ಅಂಚಿಗೆ ನಾನು, ಮಾತು ಮಾತ್ರ ಕೂಗಿ ಕೂಗಿ. ನಾಲ್ಕನೆಯ ದಿನಕ್ಕೆ ಆಂಟಿಗೆ ನಮ್ಮ ಬೀದಿಗಳು ಬೇಸರವಾದವು. ಎಲ್ಲಾ ಮನೆಗೂ ಒಂದೇ ಬಣ್ಣ, ಒಂದೇ ಬಾಗಿಲು, ಹೀಗಾದರೆ ನಡೆದದ್ದು ಗೊತ್ತಾಗುವುದಾದರೂ ಹೇಗೆ ಎಂದರು. ಮೊದಲ ಬೀದಿಗೆ ಬ್ಯಾಂಕಾಕಿನ ಸೀಲೊಂ ರಸ್ತೆಯ ಹೆಸರಿಟ್ಟರು. ಮಳೆನೀರು ನಿಲ್ಲಿಸಲು ಬಿಲ್ಡರ್ ತೋಡಿದ್ದ, ಬಾತುಗಳು ಗಲೀಜು ಮಾಡಿದ್ದ ಹೊಂಡ ಅಲ್ಲಿಯ ಚಾವ್ ಪ್ರಯಾ ನದಿಯಾಯಿತು. ಅದರ ಪಕ್ಕದ ಅಂಚೆ ಡಬ್ಬಿಗಳ ಕಂಬವೇ ದೋಣಿಗಟ್ಟೆ. ಅಲ್ಲಿಗೆ ಬಂದಾಗ ನಿಲ್ಲಬೇಕು, ಏಕೆಂದರೆ ದೋಣಿ ಬರಬೇಕು. ಇವರಿಗೆ ಸ್ವಲ್ಪ ಐಲು ಅಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ನಾನೂ ನಿಂತು ಕಾಯುತ್ತಿದ್ದೆ!

ಬ್ಯಾಂಕಾಕಿನ ನದಿಯಲ್ಲಿ, ಆಂಟಿಯ ಪಾಠದ ಪ್ರಕಾರ, ಯಾವ ಬಾವುಟದ ದೋಣಿ ಎಂದು ಮೊದಲು ನೋಡಬೇಕು. ಕಿತ್ತಳೆ ಬಾವುಟದ್ದು ಹೆಚ್ಚುಕಡಿಮೆ ಎಲ್ಲಾ ಕಟ್ಟೆಯಲ್ಲೂ ನಿಲ್ಲುತ್ತದೆ, ಅದನ್ನೇ ಹತ್ತಬೇಕು. ದೋಣಿಯ ಹಿಂದುಗಡೆ ನಿಂತ ಹುಡುಗ ಸೀಟಿ ಊದಿ ಚಾಲಕನಿಗೆ ದಡ ಎಷ್ಟು ದೂರ ಎಂದು ತಿಳಿಸುತ್ತಾನೆ. ಟಿಕೆಟಿನವಳು ಚಿಲ್ಲರೆ ತುಂಬಿದ ಉದ್ದನೆಯ ತಗಡಿನ ಕೊಳವೆಯನ್ನು ಕಟಕಟ ಎನ್ನಿಸುತ್ತಾ ಬರುತ್ತಾಳೆ. ದೋಣಿ ಕಟ್ಟೆಗೆ ಬಡಿದ ಗಳಿಗೆಯಲ್ಲೇ ಕಾಲೆತ್ತಿ ಇಡಬೇಕು, ಮೊದಲೂ ಅಲ್ಲ ಆಮೇಲೂ ಅಲ್ಲ, ಯೋಚನೆ ಮಾಡುತ್ತಾ ನಿಂತವರು ದಡದಲ್ಲೇ ಉಳಿಯುತ್ತಾರೆ. ಇದನ್ನು ಹೇಳುವಾಗ ಆಂಟಿ ಸಲ್ವಾರನ್ನು ಬೆರಳಷ್ಟು ಎತ್ತಿ, ಫುಟ್‌ಪಾತಿನಿಂದ ರಸ್ತೆಗೆ ಚಂಗನೆ ಹೆಜ್ಜೆ ಇಡುತ್ತಿದ್ದರು. ಮಂಡಿ ನೋವಿನ ಮಾತ್ರೆ ನುಂಗುವ ಹೆಂಗಸು ಇವರೇನಾ ಅನ್ನಿಸುತ್ತಿತ್ತು.

ಊರೊಳಗಿನ ಕಾಲುವೆಯ ದೋಣಿಯದು ಇನ್ನೊಂದು ಕತೆ. ಕಾಲುವೆ ನೀರು ಕಪ್ಪು, ಸಿಡಿದರೆ ಬಟ್ಟೆ ಗತಿ ಮುಗಿಯಿತು. ಅದಕ್ಕೆ ದೋಣಿಯ ಎರಡೂ ಬದಿಗೆ ಟಾರ್ಪಾಲು ಕಟ್ಟಿರುತ್ತಾರೆ. ಅಂಚಿನಲ್ಲಿ ಕುಳಿತವರು ಹಗ್ಗ ಜಗ್ಗಿ ಅದನ್ನು ಏರಿಸಬೇಕು, ಹತ್ತುವವರು ಬಂದಾಗ ಇಳಿಸಬೇಕು. ಹೊಸದರಲ್ಲಿ ಆಂಟಿ ಒಮ್ಮೆ ಅಂಚಿನಲ್ಲಿ ಕುಳಿತು, ದಡದ ಮನೆಗಳನ್ನು ನೋಡುತ್ತಾ ಹಗ್ಗ ಮರೆತುಬಿಟ್ಟರು. ಪಕ್ಕದಲ್ಲಿದ್ದ ಬಿಳಿ ಅಂಗಿಯ ಗುಮಾಸ್ತ ಎದೆಯವರೆಗೂ ತೊಯ್ದುಹೋದ. ಅವನು ಬೈಯಲಿಲ್ಲ, ನಕ್ಕು ಕರವಸ್ತ್ರ ತೆಗೆದು ಮೊದಲು ಇವರಿಗೆ ಕೈ ಒರೆಸಿಕೊಳ್ಳಲು ಕೊಟ್ಟ. ಆ ನಾಚಿಕೆಗೆ ಆಂಟಿ ಮುಂದೆ ಎಷ್ಟೇ ಜಾಗ ಖಾಲಿಯಿದ್ದರೂ ಅಂಚಿನಲ್ಲೇ ಕೂರುತ್ತಿದ್ದರಂತೆ, ಎಲ್ಲರ ಪಾಲಿನ ಹಗ್ಗವನ್ನೂ ತಾವೇ ಹಿಡಿಯುತ್ತಿದ್ದರಂತೆ.

ಊರು ತೋರಿಸುವುದು ಅವರಿಗೆ ಹುಚ್ಚು. ಮೈಸೂರಿನಿಂದ ಬಂದ ನೆಂಟರನ್ನೆಲ್ಲ ಅವರೇ ಕರೆದುಕೊಂಡು ತಿರುಗಿದ್ದರು, ಕ್ರಮವೂ ಅವರದೇ. ವಾಟ್ ಅರುಣ್ ದೇವಾಲಯವನ್ನು ಒಳಗೆ ಹೋಗಿ ನೋಡುವುದಕ್ಕಿಂತ ಎದುರು ದಡದಿಂದ ಸಂಜೆ ನೋಡಬೇಕು. ಮಲಗಿರುವ ದೊಡ್ಡ ಬುದ್ಧನ ಮುಖದ ಹತ್ತಿರ ನೂಕುನುಗ್ಗಲು, ಆದ್ದರಿಂದ ನೇರ ಪಾದದ ಹತ್ತಿರ ಹೋಗಬೇಕು, ಮುತ್ತಿನ ಚಿಪ್ಪಿನ ಕೆಲಸವಿರುವುದು ಅಲ್ಲಿ. ಲುಂಪಿನಿ ಪಾರ್ಕಿನಲ್ಲಿ ಆಳುದ್ದ ಉಡಗಳಿವೆ, ಹೆದರಬಾರದು, ದಾರಿ ಬಿಟ್ಟರೆ ಸಾಕು. ಐದು ಹೊತ್ತು ನಮಾಜು ತಪ್ಪಿಸದ ನಿಮಗೆ ಇಷ್ಟೊಂದು ಗುಡಿಗಳ ಲೆಕ್ಕ ಹೇಗೆ ಗೊತ್ತು ಎಂದು ಒಮ್ಮೆ ಕಿಚಾಯಿಸಿದೆ. "ನಮಾಜು ಮಾಡೋದು ಒಂದೇ ಕಡೆ ಬೇಟಾ, ನೋಡೋದು ಎಲ್ಲಾ ಕಡೆ" ಎಂದರು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿತ್ತು. ಹೊಸ ಊರಿನಲ್ಲಿ ಮೊದಲ ದಿನ ಏನನ್ನೂ ನೋಡಬಾರದು. ಸಿಕ್ಕಿದ್ದನ್ನು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ, ಇಳಿದು, ಒಂದು ಚಾ ಕುಡಿದು ಬರಬೇಕು.

ಇಂಥವರನ್ನು ತಂದು ಆಶ್‌ಬರ್ನ್‌ನಲ್ಲಿ ಬಿಟ್ಟರೆ ಏನಾಗುತ್ತದೆ? ಅವರಿಗೆ ಕಾರು ಓಡಿಸಲು ಬರದು. ಹಾಲು ಬೇಕೆಂದರೂ ಮಗಳು ಮೀಟಿಂಗ್ ಮುಗಿಸಿ ಬರಬೇಕು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಇಳಿಯುವಾಗ ಆಟೋದವನಿಗೆ ಹೇಳುವ ಹಾಗೆ ಮಗಳಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಮಗಳಿಗೆ ಅದು ಚುಚ್ಚುತ್ತಿತ್ತು, ನನ್ನ ಹತ್ತಿರ ಹೇಳಿಕೊಂಡಿದ್ದಳು. ಆಂಟಿ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ತಾನಾಗಿ ಎಲ್ಲಿಗೂ ಹೋಗಲಾಗದ ಮೇಲೆ ಕರೆದುಕೊಂಡು ಹೋದವರಿಗೆ ಋಣಿಯಾಗಿರಬೇಕಲ್ಲ ಎಂಬ ಮರ್ಯಾದೆ, ಅಷ್ಟೇ. "ಕಾಲಿದ್ದೂ ಕೂತಿದೀನಿ ನೋಡು" ಎಂದು ಒಂದೇ ಒಂದು ಸಲ ಹೇಳಿದರು.

ಕಡೆಗೆ ಮೆಟ್ರೋ ನಮ್ಮೂರಿನವರೆಗೆ ಬಂತು. ಚಳಿಗಾಲದ ಶುರು. ಹೆದ್ದಾರಿಯ ನಟ್ಟನಡುವೆ ಸ್ಟೇಷನ್, ನಮ್ಮ ಮನೆಯಿಂದ ನಡೆದು ಇಪ್ಪತ್ತು ನಿಮಿಷ. ಕಾರ್ಡು ಮಾಡಿಸಿ, ಗೇಟಿಗೆ ಮುಟ್ಟಿಸುವುದು ಹೇಗೆಂದು ತೋರಿಸಿದವಳು ನಾನು. ಎರಡು ಸಲ ಜೊತೆಗೆ ಹೋದೆ, ಮೂರನೆಯ ಸಲ ಬೇಡ ಎಂದರು. ಬುಧವಾರ ಮಗಳು ಆಫೀಸಿಗೆ ಹೋಗುವ ದಿನ. ಆವತ್ತು ಬೆಳಿಗ್ಗೆ ಹೊರಟು ಸಂಜೆ ನಾಲ್ಕರೊಳಗೆ ಬರುತ್ತಿದ್ದರು. ಮೊದಲ ಬುಧವಾರ, ಹೇಳಬೇಕೇ, ವಾಷಿಂಗ್ಟನ್ನನ್ನೂ ದಾಟಿ ಆಚೆಯ ಕೊನೆಯ ಸ್ಟಾಪಿಗೆ ಹೋಗಿ, ಚಾ ಕುಡಿದು, ಬಂದರು. ಶ್ವೇತಭವನ ನೋಡಿದಿರಾ ಎಂದರೆ ಅದೆಲ್ಲಿ ಹೋಗುತ್ತೆ ಎಂದರು.

ಬೇಸಿಗೆ ಬರುವ ಹೊತ್ತಿಗೆ ಅವರು ವಾಷಿಂಗ್ಟನ್ನಿನ ನದಿದಡದಲ್ಲಿರುವ ವಾರ್ಫ್ ಕಡೆಯ ದೋಣಿಗಳನ್ನು ಕಂಡುಹಿಡಿದಿದ್ದರು. ಒಂದು ರಜದ ದಿನ ನನ್ನನ್ನೂ ಎಳೆದುಕೊಂಡು ಹೋದರು. ಹನ್ನೊಂದು ವರ್ಷ ಈ ಊರಲ್ಲಿದ್ದು ನಾನು ಪೊಟೋಮ್ಯಾಕನ್ನು ಸೇತುವೆಯ ಮೇಲಿನ ಟ್ರಾಫಿಕ್ಕಿನಿಂದ ಮಾತ್ರ ನೋಡಿದ್ದೆ. ಆಂಟಿ ಅಂಚಿನ ಸೀಟಿನಲ್ಲಿ ಕುಳಿತರು. ಕೈ ತನ್ನಷ್ಟಕ್ಕೇ ಪಕ್ಕದಲ್ಲಿ ಹಗ್ಗ ಹುಡುಕಿತು. ಇಲ್ಲಿ ಟಾರ್ಪಾಲೂ ಇಲ್ಲ, ಹಗ್ಗವೂ ಇಲ್ಲ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಸಲ ಆ ಕಿತ್ತಳೆ ಬಾವುಟದ ದೋಣಿ ಹತ್ತಬೇಕು ಕಣೇ, ಮಗಳನ್ನ ಕರ್ಕೊಂಡು, ಅಲ್ಲಿಗೆ ಹೋಗೋಣ ಅಂದ್ರೆ ಅವಳು ಎದ್ದು ಒಳಗೆ ಹೋಗ್ತಾಳೆ ಎಂದರು. ನಾವಿಬ್ಬರೇ ಹೋಗೋಣ ಬಿಡಿ ಆಂಟಿ ಎಂದೆ. ಹೇಳುವುದಕ್ಕೇನು, ಬಾಯಿಮಾತು. ಹೊರಗೆ ಹೋದವರು ಮರಳಿ ಬರಲು ಬೇಕಾದ ವೀಸಾ ಸ್ಟಾಂಪಿಂಗ್ ಎಂಬ ಭೂತಕ್ಕೆ ಹೆದರಿ ನಾನು ಆರು ವರ್ಷದಿಂದ ಅಮೆರಿಕದ ಗಡಿ ದಾಟಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಅದೇ ತಿಂಗಳು ಮಗಳು ನಮ್ಮ ಮನೆಗೆ ಬಂದಳು. ಅಮ್ಮಿ ಎಲ್ಲಿ ಹೋಗುತ್ತಾರೋ ಎಂದು ಬುಧವಾರ ಪೂರ್ತಿ ಆಫೀಸಿನಲ್ಲಿ ಕೂರಲಾಗುವುದಿಲ್ಲ, ಅವರ ಫೋನಿನಲ್ಲಿ ಲೊಕೇಶನ್ ಶೇರ್ ಮಾಡಿಕೊಡಿ, ನಾನು ಮುಟ್ಟಿದರೆ ಗೊತ್ತಾಗಿಬಿಡುತ್ತೆ ಎಂದಳು. ನಾವೆಲ್ಲ ಹಾಗೇ ಅಲ್ಲವೇ, ಗಂಡ, ಮಕ್ಕಳು, ಮಕ್ಕಳ ಸ್ನೇಹಿತರು, ಮ್ಯಾಪಿನ ಮೇಲೆ ಓಡಾಡುವ ಎಲ್ಲರ ನೀಲಿ ಚುಕ್ಕಿಯೂ ನಮ್ಮ ಕೈಯಲ್ಲಿ. ಇದರಲ್ಲೇನು ತಪ್ಪು ಅನ್ನಿಸಿತು. ಮ್ಯಾಪ್ ಸರಿ ಮಾಡಿಕೊಡುತ್ತೇನೆ ಎಂದು ಸುಳ್ಳು ಹೇಳಿ ಆಂಟಿಯ ಫೋನು ಇಸಿದುಕೊಂಡು, ಅವರೆದುರೇ ಆ ಕೆಲಸ ಮಾಡಿದೆ. ಅವರು ನನಗೆ ಚಾ ಮಾಡಿಕೊಟ್ಟರು.

ಮೂರೇ ವಾರ. ಒಂದು ಸಂಜೆ ಮಗಳು ಬಾಯಿತಪ್ಪಿ ದೋಣಿಯಲ್ಲಿ ಬಿಸಿಲು ಜಾಸ್ತಿ ಇತ್ತಾ ಎಂದು ಕೇಳಿಬಿಟ್ಟಳು. ದೋಣಿಯ ಮಾತನ್ನು ಆಂಟಿ ಆಡಿರಲೇ ಇಲ್ಲ. ಮರುದಿನ ಬಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟರು. ನಾನು ತಲೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬುಧವಾರ ಬುಧವಾರ ಇದು ಇಲ್ಲೇ ಇರ್ಲಿ. ಅವಳಿಗೆ ನಾನು ನಿಮ್ಮನೇಲಿದೀನಿ ಅಂತ ಕಾಣ್ಸುತ್ತೆ. ಅವಳಿಗೂ ನೆಮ್ಮದಿ, ನನಗೂ ನೆಮ್ಮದಿ" ಎಂದರು. ನಾನು ಒಪ್ಪಿಕೊಂಡೆ. ಒಂದು ಸುಳ್ಳಿಗೆ ತೆತ್ತ ದಂಡ ಇನ್ನೊಂದು ಸುಳ್ಳು. ಹಾಗಾಗಿ ಆ ಬೇಸಿಗೆಯ ಬುಧವಾರಗಳಲ್ಲಿ ನೀಲಿ ಚುಕ್ಕಿ ನನ್ನ ಮೇಜಿನ ಮೇಲೆ ತೆಪ್ಪಗೆ ಕೂತಿರುತ್ತಿತ್ತು, ಆಂಟಿ ಊರು ಸುತ್ತುತ್ತಿದ್ದರು.

ಒಂದು ಬುಧವಾರ ನಾಲ್ಕಾಯಿತು, ಐದಾಯಿತು, ಬರಲಿಲ್ಲ. ಐದೂವರೆಗೆ ಬಾಗಿಲು ಬಡಿದದ್ದು ಮಗಳು. ಬೇಗ ಬಂದಿದ್ದಳು, ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಲು ನಗುನಗುತ್ತಾ ಬಂದಿದ್ದಳು. ಮೇಜಿನ ಮೇಲೆ ಫೋನು ಮಾತ್ರ ಕಂಡಿತು. ನಾನು ಎಲ್ಲಾ ಹೇಳಿದೆ. ಅವಳು ಕೂಗಾಡಲಿಲ್ಲ. ಕುರ್ಚಿ ಎಳೆದು ನಮ್ಮ ಕಿಟಕಿಯ ಪಕ್ಕ ಹಾಕಿಕೊಂಡು, ರಸ್ತೆಯನ್ನೇ ನೋಡುತ್ತಾ ಕುಳಿತಳು. ಆಗ ಅವಳ ಬಾಯಿಂದಲೇ ಗೊತ್ತಾಯಿತು. ಬ್ಯಾಂಕಾಕಿನಲ್ಲಿ ಅವಳಿಗೆ ಹದಿನಾರು ವರ್ಷವಿದ್ದಾಗ ಅವಳ ಅಬ್ಬಾ ಬೆಳಿಗ್ಗೆ ಕೆಲಸಕ್ಕೆಂದು, ಕಿತ್ತಳೆ ಅಂಗಿಯವರು ಓಡಿಸುವ ಬಾಡಿಗೆ ಬೈಕಿನ ಹಿಂದೆ ಕುಳಿತು ಹೋದವರು ಬರಲೇ ಇಲ್ಲ. ಬಸ್ಸಿಗೆ ಸಿಕ್ಕಿದರು. ಇವಳ ಶಾಲೆ ಮುಗಿಯಲೆಂದು ತಾಯಿ ಮಗಳು ಇನ್ನೂ ಎರಡು ವರ್ಷ ಅಲ್ಲೇ ಇದ್ದರು. ಆ ಎರಡು ವರ್ಷವೂ ಆಂಟಿ ಅದೇ ಕಿತ್ತಳೆ ಅಂಗಿಯ ಬೈಕಿನವರ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತು ಊರೆಲ್ಲ ಹೋದರು. ಇವಳು ದಿನಾ ಮೂರನೆಯ ಮಹಡಿಯ ಕಿಟಕಿಯಲ್ಲಿ ಕಾದಳು.

ಆರೂಮುಕ್ಕಾಲಿಗೆ ಆಂಟಿ ಬಂದರು. ಬಿಸಿಲು ಇನ್ನೂ ಇತ್ತು. ಕೈಯಲ್ಲಿ ಕಾಗದದ ಚೀಲದ ತುಂಬ ರಂಬುಟಾನ್ ಹಣ್ಣು, ಮುಖದ ತುಂಬ ಖುಷಿ. ದಾರಿ ತಪ್ಪಿದ್ದ ಪ್ರವಾಸಿ ಗಂಡಹೆಂಡತಿಯನ್ನು ಹೋಟೆಲಿನವರೆಗೆ ಮುಟ್ಟಿಸಿ ಬಂದಿದ್ದರು. ಅವರು ಎಲ್ಲಿಯವರೋ ಭಾಷೆ ಬರಲಿಲ್ಲ, ಆದರೂ ನದಿ ತೋರಿಸಿ ಅರ್ಥ ಮಾಡಿಸಿದೆ ಎಂದು ಹೇಳುತ್ತಾ ಒಳಗೆ ಬಂದವರು ಮಗಳನ್ನು ಕಂಡು ನಿಂತರು.

"ಅಮ್ಮಿ, ಅಬ್ಬಾ ಹೋದ್ಮೇಲೂ ನೀವು ಬೈಕ್ ಹತ್ತಿದ್ರಿ. ನಾನು ವಿಂಡೋ ಹತ್ರ ನಿಂತಿರ್ತೀನಿ ಅಂತ ಗೊತ್ತಿದ್ದೂ ಹತ್ತಿದ್ರಿ. ಯಾಕೆ?" ಎಂದಳು ಅವಳು.

ಆಂಟಿ ಚೀಲವನ್ನು ಕೆಳಗಿಟ್ಟರು. "ಹತ್ತದೆ ಇದ್ದಿದ್ರೆ ಆ ಊರೆಲ್ಲ ಅವರು ಸತ್ತ ಜಾಗ ಆಗೇ ಉಳೀತಿತ್ತು ಬೇಟಾ. ಅವರು ನನಗೆ ತೋರಿಸಿದ ಊರು ಅದು. ಅದನ್ನೂ ಕಳ್ಕೋಬೇಕಿತ್ತಾ?" ಎಂದರು. ಮಗಳ ಕುರ್ಚಿಯ ಪಕ್ಕಕ್ಕೆ ಬಂದು, "ನೀನು ನಿಂತಿರ್ತಿದ್ದೆ ಅಂತ ಗೊತ್ತಿತ್ತು. ಅದು ನಂದು ತಪ್ಪು" ಎಂದರು.

ಅಲ್ಲಿಗೆ ಬುಧವಾರಗಳು ಮುಗಿದವು. ಮಗಳು ಬೇಡ ಎನ್ನಲಿಲ್ಲ, ಆಂಟಿಯೇ ನಿಲ್ಲಿಸಿದರು. ಮತ್ತೆ ಸಂಜೆ ಐದು ಬೀದಿ ಸುತ್ತುವುದು, ಹೊಂಡದ ಹತ್ತಿರ ನಿಲ್ಲುವುದು. ದೋಣಿ ಬಂತಾ ಆಂಟಿ ಎಂದರೆ ನಕ್ಕು ಮುಂದಕ್ಕೆ ನಡೆಯುತ್ತಿದ್ದರು. ಮಾರನೆಯ ವರ್ಷ ಮಗಳಿಗೆ ಕಾರಿನಲ್ಲಿ ಆರೇಳು ಗಂಟೆ ದಾರಿಯ ಷಾರ್ಲೆಟ್‌ನಲ್ಲಿ ಬ್ಯಾಂಕೊಂದರ ಕೆಲಸ ಸಿಕ್ಕಿತು. ಹೊರಡುವ ದಿನ ಆಂಟಿ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ ನನ್ನ ಕೈಗಿಟ್ಟರು, ದುಂಡನೆಯ ಕನ್ನಡ ಅಕ್ಷರ. ಬ್ಯಾಂಕಾಕಿನಲ್ಲಿ ಎಲ್ಲಿ ಸ್ಕೈಟ್ರೇನ್ ಇಳಿಯಬೇಕು, ಯಾವ ಮೆಟ್ಟಿಲಿಳಿದರೆ ದೋಣಿಗಟ್ಟೆ, ಯಾವ ಕಡೆ ಕೂತರೆ ಬಿಸಿಲು ಬೀಳಲ್ಲ, ಎಲ್ಲಾ ಇತ್ತು. ಮುಂದಿನ ವರ್ಷ ಖಂಡಿತ ಆಂಟಿ ಎಂದೆ. ಹೂಂ, ಯೋಚನೆ ಮಾಡ್ತಾ ನಿಂತ್ಕೋಬೇಡ ಎಂದರು.

ಷಾರ್ಲೆಟ್‌ನಿಂದ ಫೋನು ಮಾಡುತ್ತಿದ್ದರು. ಇಲ್ಲೂ ಒಂದು ರೈಲಿದೆಯಂತೆ ಕಣೇ, ನಮ್ಮ ಮನೆಯಿಂದ ಅದಕ್ಕೂ ಕಾರಲ್ಲೇ ಹೋಗಬೇಕು ಎನ್ನುತ್ತಿದ್ದರು. ನದಿ ಯಾವ ಕಡೆ ಎಂದು ನಾನು ಕೇಳುತ್ತಿದ್ದೆ. ದೂರ ಎನ್ನುತ್ತಿದ್ದರು. ಹೋದ ಚಳಿಗಾಲ ಅವರ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮುಂದಿನ ವರ್ಷ ಎಂದು ಹೇಳಿದ ನನ್ನ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಷಾರ್ಲೆಟ್‌ಗೆ ಹೋಗಿ ಮಣ್ಣು ಹಾಕಿ ಬಂದೆ. ಅಲ್ಲಿಯ ಖಬರಸ್ತಾನದಿಂದಲೂ ಯಾವ ನದಿಯೂ ಕಾಣುವುದಿಲ್ಲ.

ಜೂನ್ ತಿಂಗಳಲ್ಲಿ ಮಗಳು ಮತ್ತೆ ಫೋನು ಮಾಡಿದಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಅಕ್ಕಾ, ಅಮ್ಮಿ ನಿಮಗೆ ರೂಟ್ ಬರ್ಕೊಟ್ಟಿದ್ರಂತಲ್ಲ, ಅದರ ಫೋಟೋ ಕಳಿಸ್ತೀರಾ? ನಾನು ಟಿಕೆಟ್ ಬುಕ್ ಮಾಡಿದೀನಿ" ಎಂದಳು. ಕನ್ನಡ ಓದಲು ಅವಳಿಗೆ ಬಾರದು. ಎರಡೂ ಹಾಳೆಯನ್ನು ನಿಧಾನವಾಗಿ ಓದಿ, ರೆಕಾರ್ಡ್ ಮಾಡಿ ಕಳಿಸಿದೆ. ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. "ನೊಂತಬುರಿ ಕೊನೇ ಸ್ಟಾಪು. ಇಳಿದು ಗಡಿಯಾರದ ಗೋಪುರದ ಹತ್ತಿರ ಒಂದು ಚಾ ಕುಡಿ. ಅವಸರ ಬೇಡ. ಮನೆಯಲ್ಲಿ ಕಾಯುವವರಿದ್ದರೆ ಮೊದಲೇ ಒಂದು ಫೋನ್ ಮಾಡಿಬಿಡು."

ಎರಡು ವಾರದ ಹಿಂದೆ, ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಬೆರೆಸುತ್ತಿದ್ದೆ. ಫೋನು ಟಿಂಗ್ ಎಂದಿತು. ಮಗಳು ಲೊಕೇಶನ್ ಶೇರ್ ಮಾಡಿದ್ದಳು. ನಾನು ಕೇಳಿರಲಿಲ್ಲ. ಅಲ್ಲಿ ಆಗ ಸಂಜೆ ನಾಲ್ಕೂವರೆ. ದೊಡ್ಡ ಊರಿನ ನಡುವೆ ಬಳುಕುವ ನದಿ, ಅದರ ಮೇಲೊಂದು ನೀಲಿ ಚುಕ್ಕಿ. ಅದು ಕಟ್ಟೆಯಿಂದ ಕಟ್ಟೆಗೆ ಹೋಗಿ, ಒಂದೊಂದರಲ್ಲೂ ಚೂರು ನಿಂತು, ಮತ್ತೆ ಹೊರಡುತ್ತಿತ್ತು. ವಾಟ್ ಅರುಣ್ ದಾಟಿತು. ಸೇತುವೆಗಳನ್ನು ದಾಟಿತು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಲೇ ಇದ್ದೆ, ಕಾಫಿ ಆರಿಹೋಯಿತು. ಚುಕ್ಕಿ ಉತ್ತರದ ಕಡೆಯ ಕಟ್ಟೆಗೆ ಬಂದು, ನೀರಿನಿಂದ ನೆಲಕ್ಕೆ ಹತ್ತಿ, ನಿಂತಿತು. ಐದು ನಿಮಿಷ, ಹತ್ತು ನಿಮಿಷ, ಅಲುಗಲಿಲ್ಲ. ಏನಾಯಿತೋ ಎಂಬ ಭಯಕ್ಕೆ ಕುರ್ಚಿಯಿಂದ ಎದ್ದು ನಿಂತೆ. ಅವಳು ಹದಿನಾರರಿಂದ ಹೊತ್ತುಕೊಂಡಿದ್ದು ಇದನ್ನೇ ಎಂದು ಆಗ ತಿಳಿಯಿತು. ಅಷ್ಟರಲ್ಲಿ ಮೆಸೇಜು ಬಂತು. "ಅಕ್ಕಾ, ಕೊನೇ ಸ್ಟಾಪ್. ಚಾ ಹೇಳಿದೀನಿ. ಲೇಟಾಗುತ್ತೆ, ಕಾಯ್ಬೇಡಿ."

ಫೋನನ್ನು ಅಡುಗೆಮನೆಯ ಮೇಜಿನ ಮೇಲೆ, ಅವರ ಫೋನು ಇರುತ್ತಿದ್ದ ಜಾಗದಲ್ಲೇ, ಬೋರಲು ಹಾಕಿ ಇಟ್ಟೆ. ಡ್ರಾಯರಿನಲ್ಲಿ ಅವರು ಬಿಟ್ಟುಹೋದ ಮೆಟ್ರೋ ಕಾರ್ಡಿತ್ತು. ಅದನ್ನು ಕೈಗೆತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆ ಎಂದು ಯಾರಿಗೂ ಹೇಳದೆ, ಸ್ಟೇಷನ್ನಿಗೆ ನಡೆದೆ.